ಅರವತ್ತನಾಲ್ಕು ಕೆ.ಬಿ.ಯಲ್ಲಿ ಕನ್ನಡ

ಕಳೆದ ಚಳಿಗಾಲದಲ್ಲಿ ನಾವಿಬ್ಬರೂ ಈ ದೊಡ್ಡ ಮನೆ ಬಿಟ್ಟು ಚಿಕ್ಕದೊಂದಕ್ಕೆ ಹೋಗುವುದೆಂದು ತೀರ್ಮಾನಿಸಿದೆವು. ಮಕ್ಕಳು ಅವರವರ ಊರು ಸೇರಿದ ಮೇಲೆ ಇಬ್ಬರಿಗೆ ನಾಲ್ಕು ಕೋಣೆ ಯಾಕೆ? ತೀರ್ಮಾನ ಸುಲಭವಾಗಿತ್ತು, ಬೇಸ್‌ಮೆಂಟ್ ಖಾಲಿ ಮಾಡುವುದು ಸುಲಭವಾಗಿರಲಿಲ್ಲ. ಕೆಟ್ಟುಹೋದ ಗ್ರೈಂಡರ್, ನಮ್ಮ ಕೂಟದ ಯಾವುದೋ ನಾಟಕದಲ್ಲಿ ಭೀಮ ಹೊತ್ತಿದ್ದ ರಟ್ಟಿನ ಗದೆ, ಮೂರು ಸೂಟ್‌ಕೇಸ್ ತುಂಬ ಹಳೆಯ ಕಾಗದಗಳು. ಇವೆಲ್ಲದರ ಹಿಂದೆ, ಬೆಡ್‌ಶೀಟ್ ಹೊದ್ದು ಕುಳಿತಿತ್ತು ನಮ್ಮ ಐ.ಬಿ.ಎಂ. ಪಿ.ಸಿ. ಈ ಸುದ್ದಿ ಹೇಗೋ ಸಂಪಾದಕರ ಕಿವಿಗೆ ಬಿದ್ದು, "ಎಸೆಯುವ ಮುಂಚೆ ಅದರ ವಿಷಯ ನಾಲ್ಕು ಪುಟ ಬರೆದುಕೊಡಿ" ಎಂದು ಅಪ್ಪಣೆಯಾಯಿತು. ಹೊಸದಾಗಿ ಸೇರಿದ ಕುಟುಂಬಗಳಿಗೆ ಈ ಪೆಟ್ಟಿಗೆಗೂ ನಮ್ಮ ಪತ್ರಿಕೆಗೂ ಇದ್ದ ಸಂಬಂಧ ಗೊತ್ತಿರಲಿಕ್ಕಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ಮೊದಲು ಯಂತ್ರದ ಜಾತಕ ಹೇಳಿಬಿಡುತ್ತೇನೆ. ಐ.ಬಿ.ಎಂ. ಕಂಪೆನಿ ಇದನ್ನು 1981ರ ಆಗಸ್ಟ್ 12ರಂದು ನ್ಯೂ ಯಾರ್ಕಿನಲ್ಲಿ ಪ್ರಕಟಿಸಿತು. ಮಾದರಿ ಸಂಖ್ಯೆ 5150. ಮನೆಯಲ್ಲಿಡುವ ಕಂಪ್ಯೂಟರುಗಳಲ್ಲಿ ಇದೇನೂ ಮೊದಲನೆಯದಲ್ಲ. ಆಪಲ್ 2 ಬಂದದ್ದು 1977ರಲ್ಲಿ. ಆದರೆ ಕೋಣೆ ತುಂಬುವ ಯಂತ್ರಗಳನ್ನು ಮಾಡಿ ಹೆಸರಾದ ಕಂಪೆನಿ ಮೇಜಿನ ಮೇಲಿಡುವಂಥದನ್ನು ಮಾಡಿದೆಯೆಂದ ಕೂಡಲೇ ಕಚೇರಿಗಳವರು ಎದ್ದು ಕುಳಿತರು. ಫ್ಲಾರಿಡಾದ ಬೋಕಾ ರಟಾನ್‌ನಲ್ಲಿ ಡಾನ್ ಎಸ್ಟ್ರಿಜ್ ಎಂಬುವರ ಮುಂದಾಳತ್ವದಲ್ಲಿ ಒಂದು ಸಣ್ಣ ತಂಡ ಸುಮಾರು ಒಂದು ವರ್ಷದಲ್ಲಿ ಇದನ್ನು ಮಾಡಿ ಮುಗಿಸಿತ್ತು. ಅಷ್ಟು ಬೇಗ ಹೇಗಾಯಿತೆಂದರೆ, ಎಲ್ಲವನ್ನೂ ತಾವೇ ಮಾಡದೆ ಅಂಗಡಿಯಲ್ಲಿ ಸಿಗುವ ಸಾಮಾನು ತಂದು ಜೋಡಿಸಿದರು. ನಮ್ಮಲ್ಲಿ ಹೇಳುವುದಾದರೆ, ಹಪ್ಪಳ ಉಪ್ಪಿನಕಾಯಿ ಎಲ್ಲ ಹೊರಗಿನಿಂದ ತಂದು ಮದುವೆ ಊಟ ಹಾಕಿದ ಹಾಗೆ. ಎಸ್ಟ್ರಿಜ್ ಅವರು 1985ರಲ್ಲಿ ಡಲ್ಲಾಸ್ ಬಳಿ ನಡೆದ ವಿಮಾನ ಅಪಘಾತದಲ್ಲಿ ತೀರಿಕೊಂಡರು.

ಬೆಲೆ 1,565 ಡಾಲರಿನಿಂದ ಆರಂಭ. ಆ ದುಡ್ಡಿಗೆ ಸಿಗುತ್ತಿದ್ದದ್ದು 16 ಕೆ.ಬಿ. ಜ್ಞಾಪಕಶಕ್ತಿ ಮತ್ತು ಕೀಲಿಮಣೆ. ಪರದೆ ಇಲ್ಲ, ಫ್ಲಾಪಿ ಡ್ರೈವ್ ಇಲ್ಲ. ಮನೆಯ ಟಿ.ವಿ.ಗೆ ತಗುಲಿಸಿಕೊಂಡು, ಹಾಡು ಕೇಳುವ ಟೇಪ್ ರೆಕಾರ್ಡರಿನಲ್ಲಿ ಕೆಲಸ ಉಳಿಸಿಕೊಳ್ಳಬೇಕು. ಅದಕ್ಕೆಂದೇ ಹಿಂಭಾಗದಲ್ಲಿ, ಕೀಲಿಮಣೆಯ ತೂತಿನ ಪಕ್ಕದಲ್ಲೇ, ಕ್ಯಾಸೆಟ್ಟಿಗಾಗಿ ಇನ್ನೊಂದು ತೂತು ಇದೆ. ಎರಡೂ ಒಂದೇ ಆಕಾರದವು. ಕತ್ತಲಲ್ಲಿ ತಡವಿ ಸಿಕ್ಕಿಸಿದರೆ ತಪ್ಪುವುದೇ ಹೆಚ್ಚು. 64 ಕೆ.ಬಿ., ಒಂದು ಡ್ರೈವ್ ಮತ್ತು ಪರದೆ ಬೇಕೆಂದರೆ 3,000 ಡಾಲರಿನ ಮೇಲೆ. ನಾನು ಹೊಸದನ್ನು ಕೊಂಡವನಲ್ಲ. 1984ರಲ್ಲಿ ಊರು ಬಿಟ್ಟು ಹೊರಟಿದ್ದ ಸಹೋದ್ಯೋಗಿಯೊಬ್ಬರಿಂದ ಮುದ್ರಕದ ಸಮೇತ ಅಗ್ಗಕ್ಕೆ ತಂದೆ. ಅಗ್ಗವೆಂದು ನಾನು ಅಂದುಕೊಂಡಿದ್ದೆ. ಮನೆಯಾಕೆಯ ಅಭಿಪ್ರಾಯ ಬೇರೆ.

ತಂದ ಮೇಲೆ ಕೂಟದ ಸದಸ್ಯರ ವಿಳಾಸಪಟ್ಟಿಯನ್ನು ಅದರಲ್ಲಿ ತುಂಬಿ, ಲಕೋಟೆಗೆ ಅಂಟಿಸುವ ಚೀಟಿಗಳನ್ನು ಮುದ್ರಿಸಿ, ದೊಡ್ಡ ಸಾಧನೆ ಮಾಡಿದವನಂತೆ ಓಡಾಡುತ್ತಿದ್ದೆ. ಆಗ ಒಂದು ಭಾನುವಾರ ನಮ್ಮ ಅಕ್ಕ ಬಂದರು. ಸ್ವಂತ ಅಕ್ಕನಲ್ಲ, ಕೂಟದವರೆಲ್ಲರಿಗೂ ಅಕ್ಕ. ನಮ್ಮ ಪತ್ರಿಕೆಯ ಅಷ್ಟೂ ಪುಟಗಳನ್ನು ವರ್ಷಗಟ್ಟಲೆ ತಮ್ಮ ಕೈಯಿಂದಲೇ ಸ್ಟೆನ್ಸಿಲ್ ಮೇಲೆ ಬರೆದವರು ಅವರು. ಮೇಣದ ಹಾಳೆಯ ಮೇಲೆ ಉಕ್ಕಿನ ಮೊನೆಯ ಕಡ್ಡಿಯಲ್ಲಿ ಒತ್ತಿ ಬರೆಯಬೇಕು. ಒತ್ತು ಕಡಿಮೆಯಾದರೆ ಮಸಿ ಇಳಿಯದು, ಹೆಚ್ಚಾದರೆ ಹಾಳೆ ಹರಿದು 'ಠ' ಎಂಬುದು ತೂತೇ ಆಗಿಬಿಡುತ್ತದೆ.

"ಇದಕ್ಕೆ ಕನ್ನಡ ಬರುತ್ತೇನಪ್ಪ?" ಎಂದು ಕೇಳಿದರು.

"ಇಲ್ಲ ಅಕ್ಕ, ಬರೋಲ್ಲ."

"ಮತ್ತೆ ಇಷ್ಟು ದುಡ್ಡು ಸುರಿದು ಯಾಕೆ ತಂದೆ?"

ತಮಾಷೆಗೆ ಕೇಳಿದರೆಂದು ನಕ್ಕೆ. ಅವರು ನಗಲಿಲ್ಲ. ಬಲಗೈ ಬೆರಳುಗಳ ಗಂಟು ಊದಿಕೊಂಡು ಕಡ್ಡಿ ಒತ್ತಲು ಆಗುತ್ತಿಲ್ಲವೆಂದೂ, ಮುಂದಿನ ಯುಗಾದಿ ಸಂಚಿಕೆಯೇ ತಮ್ಮ ಕಡೆಯದಾಗಬಹುದೆಂದೂ ಹೇಳಿದರು. ಅವರು ಬಿಟ್ಟರೆ ಪತ್ರಿಕೆ ನಿಂತ ಹಾಗೆಯೇ ಎಂಬುದು ಇಬ್ಬರಿಗೂ ಗೊತ್ತಿತ್ತು. ಆವತ್ತು ರಾತ್ರಿ ಯಂತ್ರದ ಮುಚ್ಚಳ ಬಿಚ್ಚಿದೆ.

ಒಳಗೇನಿದೆ, ಅದಕ್ಕೆ ಕನ್ನಡ ಯಾಕೆ ಬರುವುದಿಲ್ಲ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಇಂಜಿನಿಯರ್ ಅಲ್ಲದವರು ಒಂದು ಕಾಫಿ ಮಾಡಿಕೊಂಡು ಬನ್ನಿ.

ಪೆಟ್ಟಿಗೆ ಸುಮಾರು 20 ಅಂಗುಲ ಅಗಲ, 16 ಅಂಗುಲ ಆಳ, ಐದೂವರೆ ಅಂಗುಲ ಎತ್ತರ. ಒಳಗಿನ ಮುಖ್ಯ ಹಲಗೆಯ ಮೇಲೆ ಇಂಟೆಲ್ ಕಂಪೆನಿಯ 8088 ಎಂಬ ನಲವತ್ತು ಕಾಲಿನ ಕಪ್ಪು ಜರಿಹುಳು. ಇದೇ ಯಂತ್ರದ ಮಿದುಳು. 29,000 ಟ್ರಾನ್ಸಿಸ್ಟರುಗಳಿವೆ. ಒಳಗೊಳಗೆ 16 ಬಿಟ್ಟುಗಳನ್ನು ಒಟ್ಟಿಗೆ ಲೆಕ್ಕ ಮಾಡುತ್ತದೆ, ಹೊರಗಿನವರೊಡನೆ ಮಾತ್ರ 8 ಬಿಟ್ಟುಗಳಲ್ಲೇ ವ್ಯವಹಾರ. ದೊಡ್ಡ ಗೋದಾಮಿಗೆ ಚಿಕ್ಕ ಬಾಗಿಲಿಟ್ಟ ಹಾಗೆ. ಇದರಿಂದ ವೇಗ ತಗ್ಗಿತು, ಆದರೆ ಸುತ್ತಲಿನ ಅಗ್ಗದ 8 ಬಿಟ್ಟಿನ ಚಿಪ್ಪುಗಳನ್ನೇ ಬಳಸಿಕೊಳ್ಳಲು ಸಾಧ್ಯವಾಯಿತು.

ಇದರ ಗಡಿಯಾರದ ವೇಗ ಸೆಕೆಂಡಿಗೆ 47 ಲಕ್ಷ 70 ಸಾವಿರ ಬಡಿತ, ಅಂದರೆ 4.77 ಮೆಗಾಹರ್ಟ್ಸ್. ಇದೇನು ವಿಚಿತ್ರ ಸಂಖ್ಯೆ, ಸರಿಯಾಗಿ 5 ಯಾಕಿಲ್ಲ ಎಂದು ಬಹಳ ಜನ ಕೇಳುತ್ತಾರೆ. ಉತ್ತರ ಟಿ.ವಿ.ಯಲ್ಲಿದೆ. ಹಲಗೆಯ ಮೇಲೆ 14.31818 ಮೆಗಾಹರ್ಟ್ಸಿನ ಒಂದು ಸ್ಫಟಿಕವಿದೆ. ಅದನ್ನು ನಾಲ್ಕರಿಂದ ಭಾಗಿಸಿದರೆ ಅಮೆರಿಕದ ಬಣ್ಣದ ಟಿ.ವಿ.ಗೆ ಬೇಕಾದ 3.58 ಸಿಗುತ್ತದೆ, ಮೂರರಿಂದ ಭಾಗಿಸಿದರೆ 4.77. ಹನ್ನೆರಡರಿಂದ ಭಾಗಿಸಿದ್ದನ್ನು ಸಮಯ ಎಣಿಸುವ ಚಿಪ್ಪಿಗೆ ಕೊಟ್ಟಿದ್ದಾರೆ. ಒಂದೇ ಸ್ಫಟಿಕದಿಂದ ಮನೆಮಂದಿಗೆಲ್ಲ ಬಡಿಸಿದ ಈ ಜಾಣತನ ನನಗೆ ಇವತ್ತಿಗೂ ಇಷ್ಟ. ಇಷ್ಟೆಲ್ಲ ಗಡಿಯಾರವಿದ್ದೂ ಯಂತ್ರಕ್ಕೆ ದಿನಾಂಕ ಮಾತ್ರ ನೆನಪಿರುವುದಿಲ್ಲ, ಬ್ಯಾಟರಿ ಇಲ್ಲ. ಪ್ರತಿ ಸಲ ಹಚ್ಚಿದಾಗಲೂ ಅದಕ್ಕೆ 1980ರ ಜನವರಿ 1, ಮಂಗಳವಾರ. ಒಳ್ಳೆಯ ಕೆಲಸ ಶುರುಮಾಡಲು ಮಂಗಳವಾರವೇ ಸಿಕ್ಕಿತೇ ಎಂದು ಅಕ್ಕ ಗೊಣಗುತ್ತಿದ್ದರು.

ಇನ್ನು ಜ್ಞಾಪಕಶಕ್ತಿ. 8088ಕ್ಕೆ 20 ವಿಳಾಸದ ತಂತಿಗಳಿವೆ. ಅದರಿಂದ ಒಂದು ಮೆಗಾಬೈಟ್, ಎಂದರೆ 1,024 ಕೆ.ಬಿ. ಉದ್ದದ ಬೀದಿಯಲ್ಲಿ ಯಾವ ಮನೆಗೆ ಬೇಕಾದರೂ ಹೋಗಬಲ್ಲದು. ಮೊದಲ 640 ಕೆ.ಬಿ. ನಮ್ಮ ಕೆಲಸಕ್ಕೆ, ಮೇಲಿನ 384 ಕೆ.ಬಿ. ಪರದೆಗೂ ಶಾಶ್ವತ ಚಿಪ್ಪುಗಳಿಗೂ ಮೀಸಲು. ಆದರೆ ಬೀದಿ ಉದ್ದವಿದ್ದ ಮಾತ್ರಕ್ಕೆ ಮನೆಗಳಿರಬೇಕಲ್ಲ? ನನ್ನ ಹಲಗೆಯ ಮೇಲೆ ಇದ್ದದ್ದು ನಾಲ್ಕು ಸಾಲು, ಸಾಲಿಗೆ ಒಂಬತ್ತು ಚಿಪ್ಪು, ಒಟ್ಟು 36. ಸಾಲಿಗೆ 16 ಕೆ.ಬಿ.ಯಂತೆ 64 ಕೆ.ಬಿ. ಎಂಟು ಬಿಟ್ಟಿಗೆ ಎಂಟು ಚಿಪ್ಪು ಸಾಕು, ಒಂಬತ್ತನೆಯದು ಲೆಕ್ಕಪರಿಶೋಧಕ. ಉಳಿದ ಎಂಟು ಹೇಳುವುದು ತಾಳೆಯಾಗದಿದ್ದರೆ ಕೆಲಸವನ್ನೇ ನಿಲ್ಲಿಸಿಬಿಡುತ್ತದೆ.

ಶಾಶ್ವತ ಚಿಪ್ಪುಗಳು ಐದು, ತಲಾ 8 ಕೆ.ಬಿ. ನಾಲ್ಕರಲ್ಲಿ ಬೇಸಿಕ್ ಭಾಷೆ, ಐದನೆಯದರಲ್ಲಿ ಯಂತ್ರವನ್ನು ನಡೆಸುವ ಮೂಲ ಸೂಚನೆಗಳು. ಈ ಸೂಚನೆಗಳ ಪೂರ್ತಿ ಪಾಠವನ್ನು, ಹಲಗೆಯ ನಕ್ಷೆಯ ಸಮೇತ, ಕಂಪೆನಿಯೇ ಕೈಪಿಡಿಯಲ್ಲಿ ಅಚ್ಚುಹಾಕಿತ್ತು. ನನ್ನ ಯಂತ್ರದ ಫ್ಲಾಪಿ ಡ್ರೈವ್ ಹಳೆಯದು, ತಟ್ಟೆಯ ಒಂದೇ ಮಗ್ಗುಲನ್ನು ಓದುವಂಥದು: 40 ಸುತ್ತು, ಸುತ್ತಿಗೆ 8 ಭಾಗ, ಭಾಗಕ್ಕೆ 512 ಬೈಟ್, ಗುಣಿಸಿ ನೋಡಿ, 160 ಕೆ.ಬಿ. ವಿದ್ಯುತ್ ಪೆಟ್ಟಿಗೆ 63.5 ವ್ಯಾಟ್, ಒಂದು ದೀಪದ ಬಲ್ಬಿನಷ್ಟು.

ಕನ್ನಡಕ್ಕೆ ಅಡ್ಡಬಂದದ್ದು ಪರದೆಯ ಕಾರ್ಡು. ನನ್ನದು ಹಸಿರು ಅಕ್ಷರದ ಏಕವರ್ಣದ್ದು. ಪರದೆಯ ಮೇಲೆ 25 ಸಾಲು, ಸಾಲಿಗೆ 80 ಅಕ್ಷರ, ಒಟ್ಟು 2,000. ಒಂದೊಂದಕ್ಕೆ ಎರಡು ಬೈಟ್: ಯಾವ ಅಕ್ಷರ ಎಂಬುದಕ್ಕೊಂದು, ಹೊಳೆಯಬೇಕೋ ಅಡಿಗೆರೆ ಬೇಕೋ ಎಂಬುದಕ್ಕೊಂದು. ಹಾಗಾಗಿ ಕಾರ್ಡಿನ ಮೇಲಿದ್ದದ್ದು 4 ಕೆ.ಬಿ. ಮಾತ್ರ. ಅಕ್ಷರದ ಚಿತ್ರ ಎಲ್ಲಿಂದ ಬರುತ್ತದೆ? ಕಾರ್ಡಿನ ಮೇಲಿನ ಇನ್ನೊಂದು ಚಿಪ್ಪಿನಿಂದ. ಕಾರ್ಖಾನೆಯಲ್ಲೇ ಅದರೊಳಗೆ 256 ಚಿತ್ರಗಳನ್ನು ಕೊರೆದು ಮುಚ್ಚಿದ್ದಾರೆ. ಒಂದೊಂದೂ 9 ಚುಕ್ಕಿ ಅಗಲ, 14 ಚುಕ್ಕಿ ಎತ್ತರದ ಮನೆಯಲ್ಲಿ ಎಷ್ಟು ಚೆನ್ನಾಗಿ ಕೂರುತ್ತದೆಂದರೆ, ಆ ಕಾಲದ ಬೇರೆ ಯಂತ್ರಗಳ ಪಕ್ಕದಲ್ಲಿ ಇದು ಅಚ್ಚಾದ ಪುಸ್ತಕದಂತೆ ಕಾಣುತ್ತಿತ್ತು. ಆದರೆ ಆ 256ರಲ್ಲಿ ಇಲ್ಲದ್ದನ್ನು ತೋರಿಸಲು ಯಾರಿಂದಲೂ ಆಗದು. ಅಲ್ಲಿ ಏನೇನಿತ್ತು ಗೊತ್ತೇ? ಇಂಗ್ಲಿಷ್, ಯೂರೋಪಿನ ಕೊಂಬು ಕೋಡಿನ ಅಕ್ಷರಗಳು, ಕೆಲವು ಗ್ರೀಕ್ ಅಕ್ಷರಗಳು, ಪೌಂಡು, ಯೆನ್, ಸ್ಪೇನಿನ ಪೆಸೆಟಾ, ಎರಡು ನಗುವ ಮುಖ, ಇಸ್ಪೀಟಿನ ನಾಲ್ಕೂ ಜಾತಿ. ರೂಪಾಯಿಗೆ ಜಾಗವಿಲ್ಲ, 'ಅ'ಕಾರಕ್ಕೂ ಇಲ್ಲ.

ಬಣ್ಣದ ಕಾರ್ಡು ಬೇರೆ ಇತ್ತು, ಅದರಲ್ಲಿ 16 ಕೆ.ಬಿ. ಅದು ಚುಕ್ಕಿಗಳನ್ನು ಬಿಡಿಬಿಡಿಯಾಗಿ ಬೆಳಗಬಲ್ಲದು: ಎರಡೇ ಬಣ್ಣ ಸಾಕೆಂದರೆ ಅಡ್ಡಲಾಗಿ 640, ಉದ್ದಕ್ಕೆ 200. ಕೈಪಿಡಿ ಹುಡುಕಿದಾಗ ಒಂದು ಗುಟ್ಟೂ ಸಿಕ್ಕಿತು. ಈ ಚಿತ್ರದ ಸ್ಥಿತಿಯಲ್ಲಿ ಮೇಲಿನ 128 ಅಕ್ಷರಗಳನ್ನು ನಾವೇ ಬರೆದುಕೊಳ್ಳಬಹುದು! ಸ್ನೇಹಿತರೊಬ್ಬರ ಮನೆಗೆ ಓಡಿದೆ, ಅವರ ಯಂತ್ರದಲ್ಲಿ ಆ ಕಾರ್ಡಿತ್ತು. ಆದರೆ ಅಲ್ಲಿ ಅಕ್ಷರದ ಮನೆ 8ಕ್ಕೆ 8 ಚುಕ್ಕಿ. 'ಗ' ಬಂದಿತು, 'ರ' ಬಂದಿತು. 'ಕ್ಷ್ಮೀ' ಬರೆಯಲು ಕೂತಾಗ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಎಂಟು ಚುಕ್ಕಿಯ ಎತ್ತರದಲ್ಲಿ ಅಕ್ಷರ ಕೂರಿಸಬೇಕೋ, ಒತ್ತು ಕೂರಿಸಬೇಕೋ, ದೀರ್ಘ ಕೂರಿಸಬೇಕೋ?

ಹಾಗಾದರೆ ಪರದೆಯ ಆಸೆ ಬಿಡೋಣ, ಕಾಗದದ ಮೇಲೆ ಬಂದರೆ ಸಾಕಲ್ಲ ಎಂದು ಹೊಳೆದದ್ದು ಆಮೇಲೆ. ನನ್ನ ಮುದ್ರಕ ಎಪ್ಸನ್ ಎಂ.ಎಕ್ಸ್.-80. ಐ.ಬಿ.ಎಂ. ತನ್ನ ಹೆಸರಿನಲ್ಲಿ ಮಾರುತ್ತಿದ್ದದ್ದೂ ಇದನ್ನೇ, ಚೀಟಿ ಬದಲಾಯಿಸಿ. ಅದರ ತಲೆಯಲ್ಲಿ ನಿಲುವಾಗಿ ಒಂಬತ್ತು ಸೂಜಿಗಳು. ಹಿಂದಿನ ಮಾಲೀಕರು ಅದಕ್ಕೆ ಗ್ರಾಫ್‌ಟ್ರಾಕ್ಸ್ ಎಂಬ ಚಿಪ್ಪು ಹಾಕಿಸಿದ್ದರಿಂದ ಎಂಟು ಸೂಜಿಗಳನ್ನು ಒಂದೊಂದಾಗಿ ಆಳಬಹುದಾಗಿತ್ತು. ಒಂದು ಸಾಲಿನಲ್ಲಿ 480 ಚುಕ್ಕಿಯ ಕಂಬಗಳು. ಒಂದು ಓಟಕ್ಕೆ 8 ಚುಕ್ಕಿ ಎತ್ತರ. ಕಾಗದವನ್ನು 8 ಚುಕ್ಕಿಯಷ್ಟೇ ಸರಿಸಿ ಮೂರು ಸಲ ಓಡಿಸಿದರೆ 24 ಚುಕ್ಕಿ, ಅಂದರೆ ಅಂಗುಲದ ಮೂರನೇ ಒಂದು ಭಾಗ. ಮೇಲಿನ ಎರಡು ಓಟ ಅಕ್ಷರಕ್ಕೆ, ಕೆಳಗಿನದು ಒತ್ತಿಗೆ!

ಮುಂದಿನ ಪ್ರಶ್ನೆ ಜಾಗದ್ದು. ಕನ್ನಡದಲ್ಲಿ 34 ವ್ಯಂಜನ, ಒಂದೊಂದಕ್ಕೆ 15ರ ಕಾಗುಣಿತ, 510 ಅಕ್ಷರ. 24ಕ್ಕೆ 24 ಚುಕ್ಕಿಯ ಒಂದು ಚಿತ್ರಕ್ಕೆ 72 ಬೈಟ್. ಗುಣಿಸಿದರೆ 36,720, ಒತ್ತುಗಳು ಬೇರೆ. ಡಾಸ್ ಮತ್ತು ಬೇಸಿಕ್ ತಮ್ಮ ಜಾಗದಲ್ಲಿ ಕೂತ ಮೇಲೆ 64 ಕೆ.ಬಿ.ಯಲ್ಲಿ ನನಗೆ ಉಳಿದದ್ದು ಸುಮಾರು ಅರ್ಧ. ಆಗದ ಮಾತು. ಆಗ ದಾರಿ ತೋರಿಸಿದ್ದು ಅಕ್ಕನೇ. "ಎಲ್ಲಾ ಯಾಕೆ ಬರೀತೀಯೋ? ತಲೆಕಟ್ಟು, ಇಳಿ, ಗುಡಿಸು, ಕೊಂಬು ಅಂತ ಬಿಡಿಬಿಡಿಯಾಗಿ ಬರ್ಕೋ. ನಾವು ಮಗ್ಗಿ ಕಲಿತಂತೆ ಅದು ಕಾಗುಣಿತ ಕಲೀಲಿ" ಎಂದರು.

ಹಾಗೆಯೇ ಮಾಡಿದೆವು. ವರ್ಣಮಾಲೆಯ 49 ಅಕ್ಷರಕ್ಕೆ 1ರಿಂದ 49. ಮಾತ್ರೆಗಳು, ಅರ್ಕಾವತ್ತು ಇತ್ಯಾದಿಗೆ 50ರಿಂದ 65. ವ್ಯಂಜನದ ಸಂಖ್ಯೆಗೆ 50 ಸೇರಿಸಿದರೆ ಅದರ ಒತ್ತು, 66ರಿಂದ 99. ಎಲ್ಲವೂ ಎರಡಂಕಿಯೊಳಗೆ ಮುಗಿಯಿತು. 99 ಚಿತ್ರ, 7,128 ಬೈಟ್! 'ಕ' 16, 'ನ' 35, ನಕಾರದ ಒತ್ತು 85, 'ಡ' 28. ಮಾತ್ರೆಯಿಲ್ಲದ ಅಕ್ಷರಕ್ಕೆ ತಲೆಕಟ್ಟನ್ನು ಯಂತ್ರವೇ ಹಚ್ಚುತ್ತಿತ್ತು. ಜ, ಣ, ಬ, ಲ ಮುಂತಾದ ತಲೆಕಟ್ಟಿಲ್ಲದವುಗಳಿಗೆ ವಿನಾಯಿತಿ. 'ಮೊ', 'ಯೊ'ಗಳು ಮಾತ್ರ ಯಾವ ನಿಯಮಕ್ಕೂ ಬಗ್ಗದೆ ಪ್ರತ್ಯೇಕ ಉಪಚಾರ ಮಾಡಿಸಿಕೊಂಡವು.

ಆ ಚಳಿಗಾಲವೆಲ್ಲ ನಮ್ಮ ಊಟದ ಮೇಜಿನ ಮೇಲೆ ಗ್ರಾಫ್ ಕಾಗದ. ಅಕ್ಕ ನಡುಗುವ ಕೈಯಲ್ಲೇ ಪೆನ್ಸಿಲಿನಿಂದ ಅಕ್ಷರ ಬರೆಯುವರು, ಮನೆಯಾಕೆ ಚೌಕಗಳನ್ನು ತುಂಬುವಳು, ನಾನು ಎಣಿಸಿ ಸಂಖ್ಯೆ ಮಾಡುವೆನು, ಹತ್ತು ವರ್ಷದ ಮಗ ಕೀಲಿಮಣೆ ಒತ್ತುವನು. ಆ ಕೀಲಿಮಣೆಯ ವಿಷಯ ಹೇಳದೆ ಮುಂದೆ ಹೋಗಲಾರೆ. 83 ಕೀಲಿಗಳು, ಪ್ರತಿಯೊಂದರಡಿ ಒಂದೊಂದು ಸ್ಪ್ರಿಂಗ್. ಒತ್ತಿದಾಗ ಅದು ಬಾಗಿ 'ಟಕ್' ಎನ್ನುತ್ತದೆ. ಕಲ್ಲಿನಂತೆ ಭಾರ. ಈಗಿನ ಕೀಲಿಮಣೆಗಳೆಲ್ಲ ಅದರ ಮುಂದೆ ಬಿಸ್ಕತ್ತು.

ಮೊದಲ ಸಲ ಮುದ್ರಿಸಿದಾಗ 80 ಕಂಬಗಳಾದ ಮೇಲೆ ಸಾಲು ಮುರಿದು ಕೆಳಕ್ಕೆ ಜಾರಿತು. ಬೇಸಿಕ್ ಭಾಷೆ ನಮ್ಮ ಚುಕ್ಕಿಗಳನ್ನು ಅಕ್ಷರಗಳೆಂದೇ ತಿಳಿದು, 80 ಆದ ಕೂಡಲೇ ತಾನಾಗಿ ಸಾಲು ಮುಗಿಸುತ್ತಿತ್ತು. ಅಗಲ 255 ಎಂದು ಹೇಳಿ ಸುಮ್ಮನಾಗಿಸಿದೆ. ಆಮೇಲೂ ಕೆಲವು ಅಕ್ಷರಗಳು ಮಾತ್ರ ಕೆಡುತ್ತಿದ್ದವು. ವಾರಗಟ್ಟಲೆ ಹುಡುಕಿದ ಮೇಲೆ ತಿಳಿಯಿತು: ಕಂಬದ ಚುಕ್ಕಿಗಳ ಮೊತ್ತ 13 ಆದರೆ, ಆ ಸಂಖ್ಯೆಗೆ 'ಸಾಲು ಮುಗಿಯಿತು' ಎಂಬ ಅರ್ಥವಿದ್ದು, ಬೇಸಿಕ್ ತನ್ನ ಕಡೆಯಿಂದ ಒಂದು 10 ಸೇರಿಸಿ ಕಳಿಸುತ್ತಿತ್ತು. 13 ಬರುವ ಕಡೆಯಲ್ಲೆಲ್ಲ ಒಂದು ಚುಕ್ಕಿ ಅಳಿಸಿ 12 ಮಾಡಿದೆವು. ಹಾಗಾಗಿ ನಮ್ಮ 'ಷ'ದ ಹೊಟ್ಟೆಯಲ್ಲಿ ಸಣ್ಣ ಬಿರುಕೊಂದು ಉಳಿಯಿತು. ಹಳೆಯ ಸಂಚಿಕೆ ಇಟ್ಟುಕೊಂಡವರು ತೆಗೆದು ನೋಡಬಹುದು.

ಮುದ್ರಕದಿಂದ ಶಾಯಿಪಟ್ಟಿಯನ್ನು ತೆಗೆದುಬಿಟ್ಟು ಸ್ಟೆನ್ಸಿಲ್ ಹಾಳೆಯನ್ನೇ ಒಳಗೆ ಸಿಕ್ಕಿಸಿದೆವು. ಸೂಜಿಗಳು ನೇರವಾಗಿ ಮೇಣ ಚುಚ್ಚಿದವು. ಪರದೆಯ ಮೇಲೆ ಬರೀ ಸಂಖ್ಯೆಗಳು. ಏನು ಬರುತ್ತಿದೆಯೆಂದು ಯಂತ್ರಕ್ಕೂ ಕಾಣದು, ನಮಗೂ ಕಾಣದು. ಹಾಳೆ ಎತ್ತಿ ದೀಪಕ್ಕೆ ಹಿಡಿದಾಗ 'ಯುಗಾದಿ' ಎಂದಿತ್ತು. ಅಕ್ಕ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. "ದ ಸ್ವಲ್ಪ ಸೊಟ್ಟ" ಎಂದರು.

ನಿಜ ಹೇಳಬೇಕೆಂದರೆ ನಾವು ಅರ್ಧ ಗೆದ್ದೆವು ಅಷ್ಟೆ. 480 ಕಂಬಕ್ಕೆ 24ರಂತೆ ಸಾಲಿಗೆ 20 ಅಕ್ಷರ, ಪುಟಕ್ಕೆ 27 ಸಾಲು, 540 ಅಕ್ಷರ. ಅಕ್ಕ ಕೈಯಲ್ಲಿ ಬರೆದರೆ ಅದೇ ಪುಟದಲ್ಲಿ 1,400 ಹಿಡಿಸುತ್ತಿದ್ದರು. ಒಂದು ಪುಟಕ್ಕೆ ಅರ್ಧ ಗಂಟೆಯ ಮೇಲೆ ಬೇಕು, ಎರಡು ಪುಟಕ್ಕೊಮ್ಮೆ ಸೂಜಿಗೆ ಮೆತ್ತಿದ ಮೇಣ ಒರೆಸಬೇಕು. ಸಂಚಿಕೆಯ ಹಿಂದಿನ ರಾತ್ರಿ ಹಿಮಗಾಳಿಗೆ ಕರೆಂಟ್ ಹೋಗಿ, ಫ್ಲಾಪಿಗೆ ಹಾಕಿರದ ಮೂರು ಪುಟ ಸಂಖ್ಯೆಗಳು ಒಮ್ಮೆಲೇ ಮಾಯವಾದವು. ಕಡೆಗೆ 1985ರ ಯುಗಾದಿ ಸಂಚಿಕೆಯಲ್ಲಿ ತಲೆಬರಹಗಳು ಮಾತ್ರ ಯಂತ್ರದವು. ಒಳಗಿನ ಬರಹವನ್ನು ಐದು ಮನೆಯವರು ಹಂಚಿಕೊಂಡು ಬರೆದರು. ಅಕ್ಕ ಪಕ್ಕದಲ್ಲಿ ಕೂತು ತಿದ್ದಿದರು. ಅಲ್ಲಿಂದ ಮುಂದೆ ಅದೇ ಪದ್ಧತಿಯಾಯಿತು.

ನಮ್ಮಂತೆಯೇ ಒದ್ದಾಡಿದವರು ಬೇರೆ ಕಡೆಯೂ ಇದ್ದರೆಂಬುದು ನನಗೆ ತಡವಾಗಿ ತಿಳಿಯಿತು. ಕ್ಯಾಲಿಫೋರ್ನಿಯಾದಲ್ಲಿ ವಾನ್ ಸುವನ್ನುಕುಲ್ ಎಂಬ ಥಾಯ್ ವಿದ್ಯಾರ್ಥಿ ತನ್ನ ಪಿಎಚ್.ಡಿ. ಪ್ರಬಂಧವನ್ನು ಥಾಯ್ ಲಿಪಿಯಲ್ಲಿ ಬರೆಯಬೇಕೆಂದು ಇದೇ ಪಿ.ಸಿ.ಗೆ 64 ಕೆ.ಬಿ.ಯ ಹೊಸ ಕಾರ್ಡನ್ನೇ ಮಾಡಿದರು: ಹಸಿರು ಪರದೆಯ ಮೇಲೆ 720ಕ್ಕೆ 348 ಚುಕ್ಕಿ. 1982ರಲ್ಲಿ ಬಂದ ಈ ಹರ್ಕ್ಯುಲಿಸ್ ಕಾರ್ಡು ಲೋಕವೆಲ್ಲ ಮಾರಾಟವಾಯಿತು; ಕೊಂಡವರಲ್ಲಿ ಎಷ್ಟು ಜನಕ್ಕೆ ಅದು ಥಾಯ್ ಅಕ್ಷರಕ್ಕಾಗಿ ಹುಟ್ಟಿದ್ದೆಂದು ಗೊತ್ತಿತ್ತೋ! ಇತ್ತ ಕಾನ್ಪುರದ ಐ.ಐ.ಟಿ.ಯಲ್ಲಿ ಮೊದಲಾದ ಕೆಲಸ ಪುಣೆಯ ಸಿ-ಡ್ಯಾಕ್ ಸೇರಿ, ಪಿ.ಸಿ.ಯೊಳಗೆ ಸಿಕ್ಕಿಸುವ ಜಿಸ್ಟ್ ಕಾರ್ಡಾಯಿತು. ಪರದೆಯ ಮೇಲೇ ಭಾರತದ ಲಿಪಿಗಳು ಮೂಡಿದವು. 1991ರಲ್ಲಿ ಯೂನಿಕೋಡ್ ಕನ್ನಡಕ್ಕೆ 128 ಮನೆಗಳ ಸಾಲನ್ನು ಕೊಟ್ಟಿತು. ಅಲ್ಲಿ 'ಕ'ದ ಸಂಖ್ಯೆ 3221. ನಮ್ಮಲ್ಲಿ 16 ಆಗಿತ್ತು. ಅಕ್ಕ 1996ರಲ್ಲಿ ತೀರಿಕೊಂಡರು.

ಕಳೆದ ತಿಂಗಳು ಮೊಮ್ಮಗಳು ಬಂದಿದ್ದಾಗ ಯಂತ್ರವನ್ನು ಮೇಲಕ್ಕೆ ಹೊತ್ತು ತಂದು ಹಚ್ಚಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, ಒಂದು ಸಲ 'ಬೀಪ್' ಎಂದಿತು. ಎಲ್ಲವೂ ಸರಿಯಿದೆ ಎಂದರ್ಥ. 1980, ಜನವರಿ 1, ಮಂಗಳವಾರ. ಫ್ಲಾಪಿ ಗೊರಗೊರ ಎಂದು ಓದಿತು. ಮುದ್ರಕದ ಶಾಯಿಪಟ್ಟಿ ಒಣಗಿ ಕಡ್ಡಿಯಾಗಿದ್ದರಿಂದ ಕಾಗದದ ಮೇಲೆ ಕಾರ್ಬನ್ ಇಟ್ಟೆವು. ಮಗನಿಗೆ ಫೋನ್ ಮಾಡಿ, "ಕನ್ನಡ ಅನ್ನೋದಕ್ಕೆ ನಂಬರ್ ಏನೋ?" ಎಂದು ಕೇಳಿದೆ. ಐವತ್ತು ದಾಟಿದವನು, ಆಫೀಸಿನಲ್ಲಿದ್ದ. ತಡವರಿಸದೆ "ಹದಿನಾರು, ಮೂವತ್ತೈದು, ಎಂಬತ್ತೈದು, ಇಪ್ಪತ್ತೆಂಟು" ಎಂದ. ಮೊಮ್ಮಗಳು ಒತ್ತಿದಳು. ಸೂಜಿಗಳು ಮೂರು ಸಲ ಓಡಿದವು.

ಹೊಸ ಮನೆಯಲ್ಲಿ ಇದಕ್ಕೆ ಜಾಗವಿಲ್ಲ. ಯಂತ್ರ, ಮುದ್ರಕ, ಆರು ಫ್ಲಾಪಿ, ಗ್ರಾಫ್ ಕಾಗದದ ಕಟ್ಟು, ಎಲ್ಲವನ್ನೂ ಒಟ್ಟಿಗೇ ಕೊಡುತ್ತೇನೆ, ಬಿಡಿಸಿ ಕೊಡುವುದಿಲ್ಲ. ಬೇಕಾದ ಸದಸ್ಯರು ಯುಗಾದಿ ಊಟದ ದಿನ ನನಗೆ ತಿಳಿಸಿ. ಹೊತ್ತುಕೊಂಡು ಹೋಗಲು ಇಬ್ಬರು ಬರಬೇಕು. ಭೀಮನ ಗದೆ ಬೇಕಾದವರಿಗೂ ಸ್ವಾಗತ.